ಊರಿನ ದುಡ್ಡು ಊರಲ್ಲೇ ಸುತ್ತಬೇಕು ಅಂದರೆ ದುಡ್ಡಿನ ಬದಲು ನಡೆಯುವ ನಮ್ಮದೇ ಚೀಟಿ ಹೊರಡಿಸಬಹುದಾ? (ಶಿಡ್ಲಘಟ್ಟ ತಾಲ್ಲೂಕು)

ರೇಷ್ಮೆಮನೆ, ಶಿಡ್ಲಘಟ್ಟ:

ಎಲ್ಲರಿಗೂ ನಮಸ್ಕಾರ. ನಾನು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿಯವಳು. ಹಿಪ್ಪುನೇರಳೆ ತೋಟ ಇದೆ, ಹುಳು ಸಾಕುತ್ತೇವೆ, ಎರಡು ಸೀಮೆ ಹಸು ಇವೆ. ನಮ್ಮ ಮಹಿಳಾ ಸಂಘದ ಲೆಕ್ಕದ ಪುಸ್ತಕ ನನ್ನ ಹತ್ತಿರ ಇರುತ್ತದೆ. ಕೇಳಬೇಕಾದ್ದು ಸ್ವಲ್ಪ ಉದ್ದ ಇದೆ. ಪೂರ್ತಿ ಓದಿ ಉತ್ತರ ಕೊಡಿ.

ನಮ್ಮ ಕಡೆ ಬದುಕು ನಿಂತಿರುವುದು ರೇಷ್ಮೆ ಗೂಡಿನ ಮೇಲೆ. ಹಳ್ಳಿಯವರು ಹುಳು ಸಾಕುತ್ತಾರೆ. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಗೂಡು ಹರಾಜಾಗುತ್ತದೆ. ಪಟ್ಟಣದ ರೀಲರ್‌ಗಳು ನೂಲು ತೆಗೆಯುತ್ತಾರೆ, ಅವರಲ್ಲಿ ಮುಸ್ಲಿಂ ಕುಟುಂಬಗಳೇ ಜಾಸ್ತಿ. ಆಮೇಲೆ ನೂಲು ಮಗ್ಗ ಇರುವ ಊರುಗಳಿಗೆ ಹೋಗುತ್ತದೆ. ಚಳಿ ಜಾಸ್ತಿಯಾದರೆ, ಹುಳಕ್ಕೆ ರೋಗ ಬಂದರೆ, ಸೊಪ್ಪು ಸಾಲದಿದ್ದರೆ ನಷ್ಟ ಆಗುತ್ತದೆ ಅಂತ ನಮಗೆ ಗೊತ್ತು. ಅದಕ್ಕೆ ನಾವು ಸಿದ್ಧರಾಗಿಯೇ ಇರುತ್ತೇವೆ. ಆದರೆ 2011ರಲ್ಲಿ ಬಂದ ನಷ್ಟ ಅಂಥದ್ದಲ್ಲ. ಆ ವರ್ಷದ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಿದರು. ಚೀನಾದ ನೂಲು ಅಗ್ಗವಾಯಿತು, ಇಲ್ಲಿ ಗೂಡಿನ ಬೆಲೆ ಬಿತ್ತು. ಹುಳು ಚೆನ್ನಾಗಿ ಹಣ್ಣಾಗಿತ್ತು, ಹುಳು ಬಿಡುವ ಬಿದಿರಿನ ಚಂದ್ರಿಕೆ ತುಂಬ ಗೂಡು ಕಟ್ಟಿತ್ತು, ಬೆಲೆ ಮಾತ್ರ ಇರಲಿಲ್ಲ. ತೋಟ ಕಿತ್ತು ಹಾಕಿ ಬೆಂಗಳೂರಿಗೆ ಸೆಕ್ಯುರಿಟಿ ಕೆಲಸಕ್ಕೆ ಹೋದವರು ನಮ್ಮ ಬೀದಿಯಲ್ಲೇ ಇದ್ದಾರೆ. ಆಮೇಲೆ ಸುಂಕ ಮತ್ತೆ ಸ್ವಲ್ಪ ಏರಿತು, ಬೆಲೆಯೂ ಸುಧಾರಿಸಿತು. ಆದರೆ ದೆಹಲಿಯಲ್ಲಿ ಒಂದು ಅಂಕಿ ಬದಲಾದರೆ ನಮ್ಮ ಅಡುಗೆಮನೆ ಅಲುಗಾಡುತ್ತದೆ ಅನ್ನೋದು ಮನಸ್ಸಿನಿಂದ ಹೋಗಿಲ್ಲ.

ದುಡ್ಡು ಬರುವ ದಾರಿ ಇದಾದರೆ, ಹೋಗುವ ದಾರಿ ಇನ್ನೂ ಬೇಜಾರು. ಗೂಡಿನ ದುಡ್ಡು ಬ್ಯಾಂಕ್ ಖಾತೆಗೆ ಬೀಳುತ್ತದೆ, ಡೇರಿ ಬಟವಾಡೆ ಬರುತ್ತದೆ. ಬಂದದ್ದು ಊರಲ್ಲಿ ನಿಲ್ಲುವುದಿಲ್ಲ. ಸೋಪು, ಎಣ್ಣೆ, ಗೊಬ್ಬರ, ಪಶು ಆಹಾರ, ಬಿಸ್ಕೆಟ್ ಎಲ್ಲ ಹೊರಗಿನದು. ಎಣ್ಣೆಯನ್ನೇ ನೋಡಿ. ನಮ್ಮ ದೇಶ ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರದೇಶದಿಂದ ಬರುತ್ತದೆ. ಅದರಲ್ಲಿ ದೊಡ್ಡ ಪಾಲು ಇಂಡೋನೇಷ್ಯಾ, ಮಲೇಷ್ಯಾದ ತಾಳೆ ಎಣ್ಣೆ. ಬಾಗೇಪಲ್ಲಿ, ಗೌರಿಬಿದನೂರು, ಪಾವಗಡದಲ್ಲಿ ಕಡಲೆಕಾಯಿ ಬೆಳೆಯುತ್ತಾರೆ. ಆ ಕಡಲೆಕಾಯಿ ಹೊರಗೆ ಹೋಗುತ್ತದೆ, ಸಮುದ್ರ ದಾಟಿ ಬಂದ ಎಣ್ಣೆ ನಮ್ಮ ಅಂಗಡಿಯಲ್ಲಿ ನೇತಾಡುತ್ತದೆ. ನಮ್ಮತ್ತೆ ಕಾಲದಲ್ಲಿ ಹುಚ್ಚೆಳ್ಳು ಕೊಟ್ಟು ಗಾಣದಿಂದ ಎಣ್ಣೆ ತರುತ್ತಿದ್ದರು, ಹಿಂಡಿಯೂ ಮನೆಗೇ ಬರುತ್ತಿತ್ತು. ಈಗ ಹೊಲದ ಬದುವಿನಲ್ಲಿ ಹುಚ್ಚೆಳ್ಳಿನ ಹಳದಿ ಹೂವೇ ಕಾಣುವುದಿಲ್ಲ.

ಸಂಘದಲ್ಲಿ ಒಂದು ಯೋಚನೆ ನಡೆಯುತ್ತಿದೆ. ಕರೆಂಟಿನಲ್ಲಿ ತಿರುಗುವ ಒಂದು ಮರದ ಗಾಣ ಹಾಕಬೇಕು. ಕಡಲೆಕಾಯಿ ಬೆಳೆದವರು ಬೀಜ ಕೊಡುತ್ತಾರೆ. ಎಣ್ಣೆ ಊರಿನ ಮನೆಗಳಿಗೆ, ಹಿಂಡಿ ಹಸುಗಳಿಗೆ, ಹಸುವಿನ ಗೊಬ್ಬರ ಹಿಪ್ಪುನೇರಳೆ ತೋಟಕ್ಕೆ. ಇದರ ಜೊತೆ ಸಂಘದ ಹೆಸರಿನಲ್ಲಿ ಒಂದು ಚೀಟಿ ಹೊರಡಿಸಿ, ಗಾಣ, ದಿನಸಿ ಅಂಗಡಿ, ಸೊಪ್ಪು ಮಾರುವವರು, ಹಿಟ್ಟಿನ ಗಿರಣಿ, ಟೈಲರ್ ಎಲ್ಲರೂ ಅದನ್ನು ತೆಗೆದುಕೊಳ್ಳುವ ಹಾಗೆ ಮಾಡಿದರೆ ಹೇಗೆ? ಚೀಟಿ ಊರಿನ ಆಚೆ ನಡೆಯುವುದಿಲ್ಲ. ಹಾಗಾಗಿ ಊರಲ್ಲೇ ಸುತ್ತಬೇಕು.

ಬೇರೆ ದೇಶಗಳಲ್ಲಿ ಮಾಡಿದ್ದನ್ನು ಓದಿದ್ದೇನೆ. ಆಸ್ಟ್ರಿಯಾದ ವೋರ್ಗ್ಲ್ ಪಟ್ಟಣದ ಕತೆ ಮನಸ್ಸಿಗೆ ನಾಟಿತು. 1932ರಲ್ಲಿ ಜಗತ್ತಿಗೇ ಕಷ್ಟ ಬಂದಾಗ ಅಲ್ಲಿ ಕೆಲಸ ಇರಲಿಲ್ಲ, ತೆರಿಗೆ ಕಟ್ಟುವವರೂ ಇರಲಿಲ್ಲ. ಮೇಯರ್ ಉಂಟರ್‌ಗುಗೆನ್‌ಬರ್ಗರ್ ಪುರಸಭೆಯಿಂದಲೇ ಕೆಲಸದ ಚೀಟಿ ಅಚ್ಚು ಹಾಕಿಸಿ ಕೂಲಿ ಕೊಟ್ಟರು. ಆ ಚೀಟಿಯ ಬೆಲೆ ಉಳಿಯಬೇಕಾದರೆ ಪ್ರತಿ ತಿಂಗಳು ಬೆಲೆಯ ಶೇಕಡಾ 1ರಷ್ಟು ಸ್ಟ್ಯಾಂಪ್ ಅಂಟಿಸಬೇಕಿತ್ತು. ಪೆಟ್ಟಿಗೆಯಲ್ಲಿ ಇಟ್ಟರೆ ನಷ್ಟ. ಹಾಗಾಗಿ ಎಲ್ಲರೂ ಬೇಗ ಬೇಗ ಖರ್ಚು ಮಾಡಿದರು, ಹಳೇ ತೆರಿಗೆ ಬಾಕಿಯನ್ನೂ ಅದರಲ್ಲೇ ಕಟ್ಟಿದರು. ರಸ್ತೆ ರಿಪೇರಿಯಾಯಿತು, ಸೇತುವೆ ಕಟ್ಟಿದರು. 1933ರಲ್ಲಿ ಆ ದೇಶದ ಕೇಂದ್ರ ಬ್ಯಾಂಕ್ ಅದನ್ನು ನಿಲ್ಲಿಸಿತು.

ಇಂಗ್ಲೆಂಡಿನಲ್ಲಿ ಟಾಟ್ನೆಸ್ ಅನ್ನುವ ಊರು 2007ರಲ್ಲಿ ತನ್ನದೇ ಪೌಂಡ್ ಶುರು ಮಾಡಿತು, 2019ರಲ್ಲಿ ನಿಲ್ಲಿಸಿತು. ಜನ ಕೈಯಲ್ಲಿ ನೋಟು ಹಿಡಿಯುವುದನ್ನೇ ಬಿಟ್ಟಿದ್ದರು. ಬ್ರಿಸ್ಟಲ್ ನಗರದಲ್ಲಿ 2012ರಿಂದ ಇಂಥದ್ದೇ ಪೌಂಡ್ ಇತ್ತು, ಅಲ್ಲಿನ ಮೇಯರ್ ಜಾರ್ಜ್ ಫರ್ಗುಸನ್ ತಮ್ಮ ಸಂಬಳವನ್ನೇ ಅದರಲ್ಲಿ ತೆಗೆದುಕೊಂಡರು. ಅದೂ ಉಳಿಯಲಿಲ್ಲ. ನನಗೆ ಕಾಣುವ ಕಾರಣ ಇದು. ಊರಿನ ಅಂಗಡಿಯವರು ಊರಿನ ನೋಟು ತೆಗೆದುಕೊಳ್ಳುತ್ತಾರೆ. ಆದರೆ ಅವರಿಗೆ ಸರಕು ಹೊರಗಿನಿಂದ ಬರುತ್ತಿದ್ದರೆ ಆ ನೋಟನ್ನು ಮುಂದೆ ಯಾರಿಗೆ ಕೊಡೋದು? ವಾಪಸ್ ಕೊಟ್ಟು ದೇಶದ ನೋಟಿಗೇ ಬದಲಾಯಿಸಬೇಕು.

ಬ್ರೆಜಿಲ್‌ನ ಫೋರ್ಟಲೇಜಾ ನಗರದ ಪಾಲ್ಮೇರಾಸ್ ಬಡಾವಣೆಯವರು ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದರು ಅನಿಸುತ್ತದೆ. ಅವರು ಕಡಲತೀರದಿಂದ ಎತ್ತಂಗಡಿಯಾಗಿ ಬಂದ ಬಡವರು. 1998ರಲ್ಲಿ ತಮ್ಮದೇ ಬ್ಯಾಂಕ್ ಮಾಡಿಕೊಂಡರು. ನಮ್ಮ ಜನ ಏನೇನು ಕೊಳ್ಳುತ್ತಾರೆ, ಎಲ್ಲಿ ಕೊಳ್ಳುತ್ತಾರೆ, ಅದರಲ್ಲಿ ಇಲ್ಲೇ ಏನು ತಯಾರಾಗುತ್ತದೆ ಅಂತ ಮನೆ ಮನೆ ಲೆಕ್ಕ ತೆಗೆದು ನಕ್ಷೆ ಮಾಡಿದರು. ಸೋಪು, ಬಟ್ಟೆ ತಯಾರಿಸುವ ಸಣ್ಣ ಘಟಕಗಳಿಗೆ ಸಾಲ ಕೊಟ್ಟರು. ಪಾಲ್ಮಾಸ್ ಅನ್ನುವ ಅವರ ನೋಟು ಓಡಾಡಿದ್ದು ಇದರ ಮೇಲೆ.

ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಗೂಡು ತಿನ್ನುವ ವಸ್ತು ಅಲ್ಲ. ನಮ್ಮ ಇಡೀ ತಾಲ್ಲೂಕು ಹೊರಗೆ ಮಾರುವ ಒಂದೇ ವಸ್ತುವನ್ನು ಬೆಳೆದು, ಬೇಕಾದ್ದನ್ನೆಲ್ಲ ಹೊರಗಿನಿಂದ ತರುತ್ತಿದ್ದರೆ ಯಾವ ಚೀಟಿಯೂ ಒಂದು ಸುತ್ತು ಬರುವುದಿಲ್ಲ. ಒಬ್ಬರಿಗೊಬ್ಬರು ಮಾರುವಂಥದ್ದು ಊರೊಳಗೆ ಹುಟ್ಟಬೇಕು. ಅದಕ್ಕೇ ಗಾಣ. ಆದರೂ ಮೂರು ವಿಷಯ ಗೊತ್ತಾಗಬೇಕು. ಇಂಥ ಚೀಟಿಗೆ ಕಾನೂನು ಒಪ್ಪುತ್ತದಾ? ಗಾಣಕ್ಕೆ ಬಂಡವಾಳವನ್ನು ಚೀಟಿಯಿಂದಲೇ ಎತ್ತಬಹುದಾ? ಕೂಲಿಯಲ್ಲಿ ಸ್ವಲ್ಪ ಭಾಗ ಚೀಟಿಯಲ್ಲಿ ಕೊಟ್ಟರೆ ಬೇಗ ಓಡಾಡುತ್ತದೆ ಅಂತ ಸಂಘದಲ್ಲಿ ಕೆಲವರು ಹೇಳುತ್ತಿದ್ದಾರೆ, ಅದು ಸರಿಯಾ?

ಸೊಸೈಟಿ ಲೆಕ್ಕ, ತಿಪಟೂರು:

ಅಕ್ಕ, ನಾನು ಸಹಕಾರ ಸಂಘದಲ್ಲಿ ಕಾರ್ಯದರ್ಶಿಯಾಗಿದ್ದು ನಿವೃತ್ತಿಯಾದವನು. ಮೊದಲು ಕಾನೂನು ಹೇಳುತ್ತೇನೆ. ಇದರಲ್ಲಿ ಎಡವಿದರೆ ಸಂಘಕ್ಕೇ ಕುತ್ತು.

1934ರ ರಿಸರ್ವ್ ಬ್ಯಾಂಕ್ ಕಾಯ್ದೆಯ 31ನೇ ಕಲಂ ನೋಡಿ. ತಂದವರಿಗೆ ಕೇಳಿದ ಕೂಡಲೇ ಹಣ ಕೊಡುತ್ತೇವೆ ಅನ್ನುವ ಪತ್ರವನ್ನು ರಿಸರ್ವ್ ಬ್ಯಾಂಕ್ ಮತ್ತು ಕೇಂದ್ರ ಸರ್ಕಾರ ಬಿಟ್ಟು ಬೇರೆ ಯಾರೂ ಹೊರಡಿಸುವ ಹಾಗಿಲ್ಲ. ವ್ಯಾಪಾರಿಗಳು ಬರೆದು ಕೊಡುವ ಹುಂಡಿ ಪತ್ರವೂ ಇದರಲ್ಲಿ ಬರುತ್ತದೆ. ಹಾಗಾಗಿ 'ಈ ಚೀಟಿ ತಂದವರಿಗೆ 100 ರೂಪಾಯಿ' ಅಂತ ಬರೆದರೆ ಕೆಲಸ ಕೆಟ್ಟಿತು. ಇನ್ನು ದಿನಸಿ ಅಂಗಡಿ, ಗಿರಣಿ, ಟೈಲರ್ ಎಲ್ಲರ ಹತ್ತಿರವೂ ನಡೆಯುವ ಚೀಟಿ ಅಂದಿರಲ್ಲ, ಅದಕ್ಕೆ 2007ರ ಪಾವತಿ ವ್ಯವಸ್ಥೆಗಳ ಕಾಯ್ದೆ ಅಡ್ಡ ಬರುತ್ತದೆ. ಒಬ್ಬರು ಹೊರಡಿಸಿದ್ದನ್ನು ಹಲವು ಅಂಗಡಿಗಳಲ್ಲಿ ಬಳಸುವುದಾದರೆ ರಿಸರ್ವ್ ಬ್ಯಾಂಕಿನ ಅನುಮತಿ ಬೇಕು. ಹಳ್ಳಿ ಸಂಘಕ್ಕೆ ಅದು ಆಗುವ ಮಾತಲ್ಲ. ಆದರೆ ಹೊರಡಿಸಿದವರ ಹತ್ತಿರವೇ ಸರಕು ತೆಗೆದುಕೊಳ್ಳಲು ಮಾತ್ರ ಬಳಸುವ, ನಗದಾಗಿ ವಾಪಸ್ ಕೊಡದ ಕೂಪನ್‌ಗೆ ಆ ಅನುಮತಿ ಬೇಕಿಲ್ಲ. ಹೋಟೆಲಿನ ಊಟದ ಕೂಪನ್ ಇದೇ ಜಾತಿಯದ್ದು. ನಿಮ್ಮ ದಾರಿ ಇದರಲ್ಲಿದೆ.

ಅಂದರೆ ಊರೆಲ್ಲ ಓಡಾಡುವ ನೋಟು ಬೇಡ, ಎಣ್ಣೆ ಕೂಪನ್ ಮಾಡಿ. ಅದರ ಮೇಲೆ ರೂಪಾಯಿ ಬರೆಯಬೇಡಿ. 'ಒಂದು ಲೀಟರ್ ಕಡಲೆಕಾಯಿ ಎಣ್ಣೆ' ಅಂತ ಬರೆಯಿರಿ. ಕೊಂಡವರ ಹೆಸರು, ನಂಬರ್, ಯಾವ ತಿಂಗಳಿನಿಂದ ಎಣ್ಣೆ ಸಿಗುತ್ತದೆ ಅನ್ನೋದು ಇರಲಿ. ನಮ್ಮ ತಿಪಟೂರಿನಲ್ಲಿ ಕೊಬ್ಬರಿಯನ್ನು ಗೋದಾಮಿನಲ್ಲಿ ಇಟ್ಟು ರಸೀದಿ ಮೇಲೆ ಸಾಲ ತೆಗೆಯುತ್ತಾರೆ. ರಸೀದಿಗೆ ಬೆಲೆ ಬಂದಿರುವುದು ಒಳಗೆ ಕೊಬ್ಬರಿ ಇರುವುದರಿಂದ.

ಬಂಡವಾಳ ಎತ್ತುವುದಕ್ಕೆ ಒಂದು ಒಳ್ಳೆಯ ಉದಾಹರಣೆ ಇದೆ. 1989ರಲ್ಲಿ ಅಮೆರಿಕದ ಗ್ರೇಟ್ ಬ್ಯಾರಿಂಗ್ಟನ್ ಪಟ್ಟಣದಲ್ಲಿ ಒಂದು ಸಣ್ಣ ತಿಂಡಿ ಅಂಗಡಿಯವರಿಗೆ ಜಾಗ ಬದಲಾಯಿಸಲು ಬ್ಯಾಂಕ್ ಸಾಲ ಸಿಗಲಿಲ್ಲ. ಅವರು ತಮ್ಮ ಗಿರಾಕಿಗಳಿಗೇ ಕೂಪನ್ ಮಾರಿದರು. 8 ಡಾಲರ್ ಕೊಟ್ಟರೆ ಮುಂದೆ 10 ಡಾಲರ್ ಬೆಲೆಯ ತಿಂಡಿ. ಎಲ್ಲರೂ ಒಂದೇ ದಿನ ಬಂದು ಕೂರಬಾರದು ಅಂತ ಬೇರೆ ಬೇರೆ ತಾರೀಕು ಹಾಕಿದ್ದರು. ದುಡ್ಡು ಸೇರಿತು, ಅಂಗಡಿ ನಡೆಯಿತು. ಅದೇ ಸೀಮೆಯಲ್ಲಿ 2006ರಲ್ಲಿ ಬರ್ಕ್‌ಶೇರ್ಸ್ ಅನ್ನುವ ಊರಿನ ನೋಟು ಶುರುವಾಯಿತು. ನೀವು ಆ ತಿಂಡಿ ಅಂಗಡಿಯವರ ಹಾಗೆ ಮಾಡುವಾಗ ಇದು ಸರಕಿನ ಮುಂಗಡ ಅನ್ನೋದು ಸ್ಪಷ್ಟವಾಗಿರಲಿ. ಬಡ್ಡಿ ಅನ್ನುವ ಪದ ಎಲ್ಲೂ ಬರಬಾರದು. ಬಡ್ಡಿ ಕೊಡುತ್ತೇವೆ ಅಂತ ಹಣ ತೆಗೆದುಕೊಂಡರೆ ಅದು ಠೇವಣಿ ಆಗುತ್ತದೆ. ಅದಕ್ಕೆ 2019ರಿಂದ ಬಹಳ ಬಿಗಿಯಾದ ಕಾಯ್ದೆ ಇದೆ. ಎಣ್ಣೆ ಮಾರಲು ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಅಡುಗೆ ಎಣ್ಣೆಯನ್ನು ಬಿಡಿಯಾಗಿ ಅಳೆದು ಮಾರುವ ಹಾಗಿಲ್ಲ, ಸೀಲ್ ಮಾಡಿ ಲೇಬಲ್ ಹಾಕಬೇಕು. ರೈತರು ತಂದ ಬೀಜವನ್ನು ಅವರಿಗೇ ಅರೆದು ಕೊಟ್ಟು ಅರೆದ ಕೂಲಿ ತೆಗೆದುಕೊಳ್ಳುವುದು ಬೇರೆ ಲೆಕ್ಕ.

ಇನ್ನೊಂದು ಮಾತು. ಎಷ್ಟು ಬೀಜ ಗೋದಾಮಿನಲ್ಲಿದೆಯೋ ಅಷ್ಟಕ್ಕೇ ಕೂಪನ್. ಅರ್ಜೆಂಟೀನಾದಲ್ಲಿ 1995ರಲ್ಲಿ, ತಮ್ಮದೇ ಚೀಟಿಯಲ್ಲಿ ಕೊಟ್ಟು ತೆಗೆದುಕೊಳ್ಳುವ ವಿನಿಮಯ ಕ್ಲಬ್‌ಗಳು ಸಣ್ಣದಾಗಿ ಶುರುವಾದವು. 2001-02ರಲ್ಲಿ ಬ್ಯಾಂಕುಗಳು ಬಾಗಿಲು ಹಾಕಿದಾಗ ಲಕ್ಷಾಂತರ ಜನ ಅದರ ಮೇಲೆ ಬದುಕಿದರು. ಆಮೇಲೆ ಮಿತಿ ಮೀರಿ ಅಚ್ಚು ಹಾಕಿದರು, ಖೋಟಾ ಚೀಟಿಗಳೂ ಬಂದವು, ನಂಬಿಕೆ ಕುಸಿಯಿತು. ಸ್ವಿಟ್ಜರ್ಲೆಂಡಿನ ವಿರ್ ಅನ್ನುವ ವಿನಿಮಯ ಪದ್ಧತಿ 1934ರಿಂದ ಇವತ್ತಿಗೂ ನಡೆಯುತ್ತಿದೆ. ಅಲ್ಲಿ ಸಣ್ಣ ಉದ್ಯಮಗಳು ಒಬ್ಬರ ಖಾತೆಯಿಂದ ಇನ್ನೊಬ್ಬರ ಖಾತೆಗೆ ಲೆಕ್ಕ ವರ್ಗಾಯಿಸುತ್ತವೆ, ಸಾಲಕ್ಕೆ ಮಿತಿ ಇದೆ, ಅಡಮಾನ ಇದೆ. ಪುಸ್ತಕ ಬಿಗಿಯಾಗಿದ್ದದ್ದು ಉಳಿಯಿತು. ಲೆಕ್ಕದ ಪುಸ್ತಕ ನಿಮ್ಮ ಕೈಯಲ್ಲಿದೆ ಅಂದಿರಿ, ನನಗೆ ಸಮಾಧಾನವಾಯಿತು.

ಕೆರೆಕೋಡಿ, ಮಾಲೂರು:

ಅಕ್ಕ, ನಿಮ್ಮ ಮೂರನೇ ಪ್ರಶ್ನೆಗೆ ನನ್ನ ಉತ್ತರ ಬೇಡ ಅಂತಲೇ. ಕೂಲಿಯನ್ನು ಚೀಟಿಯಲ್ಲಿ ಕೊಡಬೇಡಿ. ಕಾಲು ಭಾಗವೂ ಬೇಡ.

ಕೂಲಿ ಮಾಡುವವರ ಮನೆಯಿಂದ ಬಂದವನಾಗಿ ಹೇಳುತ್ತಿದ್ದೇನೆ. ಮಾಲೀಕರು ಕೊಟ್ಟ ಚೀಟಿಯನ್ನು ಮಾಲೀಕರ ಅಂಗಡಿಯಲ್ಲೇ ಖರ್ಚು ಮಾಡಬೇಕು ಅನ್ನುವ ಪದ್ಧತಿಯಿಂದ ಇಂಗ್ಲೆಂಡಿನ ಕಾರ್ಮಿಕರು ನರಳಿದ್ದಾರೆ. 1831ರಲ್ಲಿ ಅದರ ವಿರುದ್ಧ ಅಲ್ಲಿ ಕಾನೂನೇ ಬಂತು. ಅಸ್ಸಾಮಿನ ಚಹಾ ತೋಟಗಳಲ್ಲೂ ಟೋಕನ್ ಕೊಡುತ್ತಿದ್ದರು, ಆ ಟೋಕನ್ ತೋಟದ ಆಚೆ ನಡೆಯುತ್ತಿರಲಿಲ್ಲ. ಕೂಲಿಯಾಳು ತೋಟ ಬಿಟ್ಟು ಹೋಗುವುದಾದರೂ ಹೇಗೆ? ನಮ್ಮ 1948ರ ಕನಿಷ್ಠ ಕೂಲಿ ಕಾಯ್ದೆಯಲ್ಲೂ ಕೂಲಿಯನ್ನು ನಗದಾಗಿ ಕೊಡಬೇಕು ಅಂತಿತ್ತು. ಆಸ್ಪತ್ರೆಗೆ ಹೋಗಬೇಕಾದರೆ, ಬಸ್ ಹತ್ತಬೇಕಾದರೆ ಎಣ್ಣೆ ಕೂಪನ್ ನಡೆಯುತ್ತದಾ? ತೋಟ ಇರುವವರಿಗೆ ಇದು ಒಳ್ಳೆಯ ಪ್ರಯೋಗ. ಆ ದಿನ ದುಡಿದರೆ ಆ ದಿನ ಊಟ ಅನ್ನುವವರಿಗೆ ಕೈಗೆ ಬಂದ ರೂಪಾಯಿಯೇ ಬಿಡುಗಡೆ.

ಹಳೇ ಕಾಲದಲ್ಲಿ ದುಡ್ಡಿಲ್ಲದೆ ಊರು ನಡೆಯುತ್ತಿತ್ತು ಅಂತ ಈಗ ಯಾರಾದರೂ ಬಂದು ಬರೆಯುತ್ತಾರೆ. ಹೌದು, ನಡೆಯುತ್ತಿತ್ತು. ಹೇಗೆ ಅಂತಲೂ ನೋಡಬೇಕಲ್ವಾ. ನಮ್ಮ ಕೋಲಾರ ಸೀಮೆ ಕೆರೆಗಳ ಸೀಮೆ. ವರ್ಷವೆಲ್ಲ ಹರಿಯುವ ನದಿ ನಮಗಿಲ್ಲ. ಕೆರೆ ತೂಬು ಎತ್ತಿ ಗದ್ದೆಗಳಿಗೆ ಪಾಳಿ ಪ್ರಕಾರ ನೀರು ಹಂಚುತ್ತಿದ್ದವರು ನೀರಗಂಟಿಗಳು. ಸುಗ್ಗಿಯಲ್ಲಿ ಕಣದ ಹತ್ತಿರ ಅವರಿಗೆ ಕಾಳು ಅಳೆದು ಕೊಡುತ್ತಿದ್ದರು. ಊರಿನ ಕೆಲಸ ಮಾಡಿ ಕಾಳಿನ ಪಾಲು ತೆಗೆದುಕೊಳ್ಳುವ ಆಯಗಾರರಿಗೆಲ್ಲ ಹೀಗೆಯೇ. ಬಹಳ ಊರುಗಳಲ್ಲಿ ನೀರಗಂಟಿ ದಲಿತರ ಮನೆಯವರು. ಯಾವ ರೈತನ ಗದ್ದೆಗೆ ಎಷ್ಟು ನೀರು ಅಂತ ತೀರ್ಮಾನ ಮಾಡುವಷ್ಟು ತಿಳಿವಳಿಕೆ ಅವರಿಗಿತ್ತು. ಆದರೆ ಕಣದಲ್ಲಿ ದೂರ ನಿಂತು ಸೆರಗೊಡ್ಡಿ ಕಾಳು ತೆಗೆದುಕೊಳ್ಳಬೇಕಿತ್ತು. ಅಳೆಯುವ ಸೇರು ಇನ್ನೊಬ್ಬರ ಕೈಯಲ್ಲಿತ್ತು. ಅಂಥ ಊರಿನಿಂದ ತಪ್ಪಿಸಿಕೊಂಡು ಬೆಂಗಳೂರಿಗೆ ಹೋದವರಿಗೆ ಪೇಟೆಯ ದುಡ್ಡು ಮರ್ಯಾದೆ ಕೊಟ್ಟಿದೆ. ಊರಿನ ದುಡ್ಡು ಅನ್ನುವ ಮಾತು ಬಂದಾಗಲೆಲ್ಲ ಯಾರ ಊರು ಅಂತ ನಾನು ಕೇಳುತ್ತೇನೆ.

ಒಪ್ಪುವ ಪದ್ಧತಿಯೂ ಒಂದಿದೆ, ಮುಯ್ಯಾಳು. ಇವತ್ತು ನಾನು ನಿಮ್ಮ ಹೊಲದಲ್ಲಿ ಕಳೆ ಕೀಳುತ್ತೇನೆ, ನಾಳೆ ನೀವು ನನ್ನ ಹೊಲಕ್ಕೆ ಬರುತ್ತೀರಿ. ಒಂದು ಆಳಿಗೆ ಒಂದು ಆಳು. ಅದರಲ್ಲಿ ಮೇಲೆ ಕೆಳಗೆ ಇಲ್ಲ. ಕೆನಡಾದಲ್ಲಿ 1983ರಲ್ಲಿ ಮೈಕಲ್ ಲಿಂಟನ್ ಅನ್ನುವವರು ಲೆಟ್ಸ್ ಅಂತ ಒಂದು ಲೆಕ್ಕದ ಪದ್ಧತಿ ಮಾಡಿದರು. ನೋಟು ಇಲ್ಲ. ಕೆಲಸ ಮಾಡಿದವರ ಖಾತೆಗೆ ಜಮಾ, ಮಾಡಿಸಿಕೊಂಡವರ ಖಾತೆಗೆ ಖರ್ಚು. ನಮ್ಮ ಹೆಂಗಸರು ಇದನ್ನು ಬಾಯಿ ಲೆಕ್ಕದಲ್ಲೇ ಇಟ್ಟಿದ್ದರು. ಹುಳು ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಮೇಲೆ ಸೊಪ್ಪು ಕೊಯ್ಯಲು, ಗೂಡು ಬಿಡಿಸಲು ನಿಮಗೆ ಒಟ್ಟಿಗೆ ಕೈ ಬೇಕಾಗುತ್ತದೆ. ಒಂದೊಂದು ಮನೆಯ ಬೆಳೆ ಒಂದೊಂದು ವಾರ ಬರುವ ಹಾಗೆ ಮೊಟ್ಟೆ ತಂದರೆ ಮುಯ್ಯಾಳು ಅದಕ್ಕೆ ಸರಿಹೋಗುತ್ತದೆ. ಆದರೆ ತೋಟ ಇರುವವರ ನಡುವೆ ಮಾತ್ರ. ತೋಟ ಇಲ್ಲದವರಿಗೆ ಮುಯ್ಯಿ ಎಲ್ಲಿ ತೀರಿಸುತ್ತೀರಿ? ಅವರಿಗೆ ನಗದು.

ಕಡಲೆಕಾಯಿ ಹೊಲ, ಪಾವಗಡ:

ಗಾಣದ ವಿಷಯ ಓದಿ ಖುಷಿಯಾಯಿತು. ನಮ್ಮ ತಾಲ್ಲೂಕಿನ ತಿರುಮಣಿ ಸುತ್ತ 13,000 ಎಕರೆ ಹತ್ತಿರ ಸೋಲಾರ್ ಪಾರ್ಕ್ ಆಗಿದೆ, 2,050 ಮೆಗಾವ್ಯಾಟ್. ಜಮೀನು ಮಾರಿಲ್ಲ, ಗುತ್ತಿಗೆಗೆ ಕೊಟ್ಟಿರುವುದು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗಿ ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರುತ್ತದೆ. ಬರದಿಂದ ಸೋತಿದ್ದ ರೈತರಿಗೆ ಅದು ಆಸರೆಯಾಯಿತು, ನಾನು ಅದನ್ನು ಬೈಯುವುದಿಲ್ಲ. ಆದರೆ ಆ ಹೊಲಗಳಲ್ಲಿ ಕಡಲೆಕಾಯಿ ಕೀಳುತ್ತಿದ್ದ ಹೆಂಗಸರಿಗೆ ಗುತ್ತಿಗೆ ದುಡ್ಡು ಬರಲಿಲ್ಲ, ಕೆಲಸವೂ ಹೋಯಿತು. ಮಾಲೂರಿನವರು ಹೇಳಿದ್ದು ಇಲ್ಲಿಗೂ ಸರಿ.

ಗಾಣದ ಬಗ್ಗೆ ನನಗೆ ಗೊತ್ತಿರುವುದು ಹೇಳುತ್ತೇನೆ. ಒಳ್ಳೆಯ ಬೀಜವಾದರೆ ಸುಮಾರು 2.5 ಕಿಲೋ ಬೀಜಕ್ಕೆ ಒಂದು ಲೀಟರ್ ಎಣ್ಣೆ. ಉಳಿದದ್ದು ಹಿಂಡಿ. ಬೀಜದ ಬೆಲೆ, ಕರೆಂಟು, ಅರೆಯುವವರ ಸಂಬಳ ಸೇರಿದರೆ ಪ್ಯಾಕೆಟ್ಟಿನ ತಾಳೆ ಎಣ್ಣೆಯ ಬೆಲೆಗೆ ಯಾವತ್ತೂ ಬರುವುದಿಲ್ಲ. ಹಿಂಡಿ ಮಾರಿದರೆ ಸ್ವಲ್ಪ ಹೊಂದುತ್ತದೆ. ಮುಂಗಾರಿನ ಕಡಲೆಕಾಯಿ ಅಕ್ಟೋಬರ್-ನವೆಂಬರ್‌ನಲ್ಲಿ ಬರುತ್ತದೆ, ಬೆಲೆ ಇಳಿದಿರುವುದೂ ಆಗಲೇ. ಆಗ ಕಾಯಿಯನ್ನೇ ತೆಗೆದು ಚೆನ್ನಾಗಿ ಒಣಗಿಸಿ ಇಡಿ, ಸುಲಿದ ಬೀಜ ತೆಗೆದಿಡಬೇಡಿ. ತೇವ ಉಳಿದರೆ ಬೂಸ್ಟು ಹಿಡಿಯುತ್ತದೆ. ಬೂಸ್ಟು ಹಿಡಿದ ಕಾಯಿಯ ಹಿಂಡಿ ಹಸುವಿಗೆ ಹಾಕಿದರೆ ಅದರ ವಿಷ ಹಾಲಿಗೂ ಬರುತ್ತದೆ. ಇದರಲ್ಲಿ ಸಡಿಲ ಬಿಡಬೇಡಿ.

ರೇಷ್ಮೆಮನೆ, ಶಿಡ್ಲಘಟ್ಟ:

ಮೂವರಿಗೂ ಕೈ ಮುಗಿಯುತ್ತೇನೆ. ನಿಮ್ಮ ಉತ್ತರಗಳನ್ನು ಸಂಘದವರಿಗೆ ಓದಿ ಹೇಳಿದೆ. ಬಹಳ ಹೊತ್ತು ಮಾತಾಯಿತು.

ಮಾಲೂರಿನ ಅಣ್ಣ, ಕೂಲಿ ವಿಷಯ ಮುಗಿಯಿತು. ಕೂಲಿ ನಗದಾಗಿಯೇ ಕೊಡುವುದು. ನಮ್ಮ ಸಂಘದಲ್ಲಿ ತೋಟ ಇಲ್ಲದ ಹೆಂಗಸರು ಇದ್ದಾರೆ, ಅವರೇ ಇದನ್ನು ಎಲ್ಲರಿಗಿಂತ ಜೋರಾಗಿ ಹೇಳಿದರು. ಒಬ್ಬರು ಇನ್ನೊಂದು ಮಾತು ಎತ್ತಿದರು. ಗಾಣ ಯಾರ ಮನೆಯ ಶೆಡ್ಡಿನಲ್ಲಿ ಇರುತ್ತದೆ? ಆ ಬಾಗಿಲ ಒಳಗೆ ಎಲ್ಲರೂ ಬರಬಹುದಾ? ನೀವು ಕೇಳಿದ 'ಯಾರ ಊರು' ಅನ್ನುವ ಪ್ರಶ್ನೆಯೇ ಅದು. ಖಾಸಗಿ ಶೆಡ್ ಬೇಡ, ಎಲ್ಲರೂ ಬಂದು ಹೋಗುವ ಜಾಗವೇ ಬೇಕು ಅಂತ ಒಪ್ಪಿದ್ದೇವೆ. ಪಂಚಾಯಿತಿಯ ಹಳೇ ಕಟ್ಟಡ ಕೇಳುತ್ತಿದ್ದೇವೆ. ಅಳೆಯುವುದು, ತೂಗುವುದು ಸರದಿಯ ಮೇಲೆ, ಎಲ್ಲ ಬೀದಿಯವರಿಂದ.

ಆದರೆ ಒಂದು ಮಾತು ನಾನು ಬಿಟ್ಟುಕೊಡುವುದಿಲ್ಲ. ಪೇಟೆಯ ದುಡ್ಡು ಬಿಡುಗಡೆ ಕೊಟ್ಟಿತು ಅಂದಿರಿ. ಜಾತಿಯಿಂದ ನಿಜವಾಗಿಯೂ ಕೊಟ್ಟಿದೆ. ಅದೇ ಪೇಟೆ 2011ರಲ್ಲಿ ರೈತರನ್ನೂ ರೀಲರ್‌ಗಳನ್ನೂ ಒಟ್ಟಿಗೆ ಕೆಡವಿತು. ಗೂಡಿಗೆ ಬೆಲೆ ಬಿದ್ದಾಗ ನೂಲು ತೆಗೆಯುವ ಫಿಲೇಚರ್ ಘಟಕದಲ್ಲಿ ಬಿಸಿನೀರಿನಲ್ಲಿ ಕೈ ಇಟ್ಟು ದುಡಿಯುವ ಹೆಂಗಸಿಗೂ ಕೆಲಸ ಹೋಗುತ್ತದೆ. ಅವಳಿಗೆ ಜಮೀನೂ ಇಲ್ಲ. ಹಾಗಾಗಿ ಹಳೇ ಆಯದ ಪದ್ಧತಿಗೆ ವಾಪಸ್ ಹೋಗೋಣ ಅಂತ ನಾನು ಕೇಳುತ್ತಿಲ್ಲ. ಸುಂಕ ಏರಿದರೂ ಇಳಿದರೂ ನಮ್ಮ ತಟ್ಟೆಗೆ ಬರುವ ಕೆಲವು ವಸ್ತುವಾದರೂ ನಮ್ಮ ಕೈಯಲ್ಲಿ ಇರಲಿ ಅನ್ನುತ್ತಿದ್ದೇನೆ. ಎಣ್ಣೆ, ರಾಗಿ, ಅವರೆ, ಸೊಪ್ಪು, ಹಿಂಡಿ. ಇಷ್ಟು ಊರೊಳಗೆ ಕೊಟ್ಟು ತೆಗೆದುಕೊಳ್ಳುವ ಹಾಗೆ ಆದರೆ ಗೂಡಿನ ದುಡ್ಡು ಮಕ್ಕಳ ಓದಿಗೆ ಉಳಿಯುತ್ತದೆ.

ತಿಪಟೂರಿನ ಸಾರ್, ನೀವು ಹೇಳಿದ ಹಾಗೆ ಊರೆಲ್ಲ ಓಡಾಡುವ ಚೀಟಿಯನ್ನು ಕೈಬಿಟ್ಟಿದ್ದೇವೆ. ಎಣ್ಣೆ ಕೂಪನ್ ಮಾತ್ರ. ಬಡ್ಡಿ ಇಲ್ಲ. ಎಣ್ಣೆಗೆ ಬೆಲೆ ಏರಿದರೂ ಕೂಪನ್ ಇರುವವರಿಗೆ ಅದೇ ಲೀಟರ್ ಸಿಗುತ್ತದೆ, ಅದೇ ಅವರಿಗೆ ಲಾಭ. ಜನವರಿಯಿಂದ ತಿಂಗಳು ತಿಂಗಳಿಗೆ ಬೇರೆ ಬೇರೆ ಕಂತು. ಕೂಪನ್ ದುಡ್ಡನ್ನೆಲ್ಲ ಗಾಣಕ್ಕೆ ಹಾಕಿಬಿಟ್ಟರೆ ಕಡಲೆಕಾಯಿ ತರಲು ಏನೂ ಉಳಿಯುವುದಿಲ್ಲ ಅನ್ನುವುದು ನನ್ನ ಚಿಂತೆ. ಹಾಗಾಗಿ ಗಾಣಕ್ಕೆ ಸಂಘದ ಉಳಿತಾಯ ಮತ್ತು ಬ್ಯಾಂಕ್ ಸಾಲ, ಕಡಲೆಕಾಯಿಗೆ ಕೂಪನ್ ದುಡ್ಡು ಅಂತ ಬೇರೆ ಬೇರೆ ಖಾತೆ ಮಾಡಬೇಕು ಅಂತ ಹಟ ಹಿಡಿದಿದ್ದೇನೆ. ಕೆಲವರಿಗೆ ಇದು ಬೇಸರ, ಆದರೂ ಹೀಗೇ ಆಗಬೇಕು. ಗೋದಾಮಿನಲ್ಲಿ ಎಷ್ಟು ಚೀಲ ಇದೆ, ಎಷ್ಟು ಕೂಪನ್ ಹೊರಗಿದೆ ಅಂತ ಪ್ರತಿ ವಾರ ಡೇರಿಯ ಗೋಡೆ ಮೇಲೆ ಬರೆಯುತ್ತೇವೆ. ಬೆಳಿಗ್ಗೆ ಸಂಜೆ ಎಲ್ಲರೂ ಹಾಲು ಹಾಕಲು ಬರುವ ಜಾಗ, ಯಾರ ಕಣ್ಣಿಗೂ ತಪ್ಪುವುದಿಲ್ಲ.

ತಾಳೆ ಎಣ್ಣೆಯ ಬೆಲೆಗೆ ಬರುವುದಿಲ್ಲ ಅಂದಿರಲ್ಲ ಪಾವಗಡದವರು, ಅದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಬಡ ಮನೆಯವರು ಪ್ಯಾಕೆಟ್ ಎಣ್ಣೆಯನ್ನೇ ಕೊಳ್ಳುತ್ತಾರೆ, ಅವರಿಗೆ ಬುದ್ಧಿ ಹೇಳುವ ಹಕ್ಕು ನನಗಿಲ್ಲ. ಗಾಣದಲ್ಲಿ ದುಡಿಯುವವರು ತೋಟ ಇಲ್ಲದ ಮನೆಗಳಿಂದಲೇ ಇರಲಿ, ಅವರಿಗೆ ನಗದು ಕೂಲಿಯ ಮೇಲೆ ತಿಂಗಳಿಗೆ ಒಂದಿಷ್ಟು ಎಣ್ಣೆ ಸುಮ್ನೆ ಕೊಡಬೇಕು ಅಂತ ಬರೆದುಕೊಂಡಿದ್ದೇವೆ. ಹಸು ಇರುವ ಮನೆಗಳಿಗೆ ಹಿಂಡಿಯಿಂದ ಪಶು ಆಹಾರದ ಖರ್ಚು ಸ್ವಲ್ಪ ಇಳಿಯುತ್ತದೆ. ಮೊದಲ ವರ್ಷ ಊರಿನ ಅಡುಗೆಮನೆಗಳಲ್ಲಿ ಕಾಲು ಭಾಗ ಎಣ್ಣೆ ಗಾಣದ್ದಾದರೆ ನನಗೆ ಸಾಕು.

ಮುಯ್ಯಾಳು ಲೆಕ್ಕವನ್ನೂ ಪುಸ್ತಕದಲ್ಲಿ ಬೇರೆ ಹಾಳೆಯಲ್ಲಿ ಇಡುತ್ತೇವೆ, ತೋಟ ಇರುವವರ ನಡುವೆ ಮಾತ್ರ. ಪಾವಗಡದವರೇ, ಈ ನವೆಂಬರ್‌ನಲ್ಲಿ ನಿಮ್ಮ ಕಡೆಯ ರೈತರಿಂದ ನೇರವಾಗಿ ಕಾಯಿ ತರಬೇಕು ಅಂತಿದ್ದೇವೆ. ಚೀಲಕ್ಕೆ ಎಷ್ಟು ಕಿಲೋ ತುಂಬುತ್ತೀರಿ, ತೇವ ಹೇಗೆ ನೋಡುತ್ತೀರಿ, ಶಿಡ್ಲಘಟ್ಟಕ್ಕೆ ಲಾರಿ ಬಾಡಿಗೆ ಎಷ್ಟಾಗುತ್ತದೆ ತಿಳಿಸಿ. ತಿಪಟೂರಿನ ಸಾರ್, ಕೂಪನ್ ಮೇಲೆ ಬರೆಯುವ ಸಾಲುಗಳನ್ನು ಇಲ್ಲೇ ಹಾಕುತ್ತೇನೆ. ಅಚ್ಚಿಗೆ ಕೊಡುವ ಮೊದಲು ನೀವು ಒಮ್ಮೆ ನೋಡಿ ಕೊಡಬೇಕು.